ಬೋಟಿನಲ್ಲಿ ಹಿಂದೆ ನೋಡುವ ಕೆಲಸ

೧೯೬೨ನೇ ಇಸವಿ. ಮಳೆಗಾಲ ಮುಗಿದು ನೇತ್ರಾವತಿಯ ಕೆಂಪು ನೀರು ತಿಳಿಯಾಗಿತ್ತು. ನನಗೆ ಆಗ ಹತ್ತೊಂಬತ್ತು. ಬಂಟ್ವಾಳ ಪೇಟೆಯಿಂದ ಸ್ವಲ್ಪ ಮೇಲೆ, ಜನರು ದೋಣಿಯಲ್ಲಿ ಹೊಳೆ ದಾಟುವ ಕಡವಿನ ಪಕ್ಕದಲ್ಲಿ ನಮ್ಮ ಮನೆ. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಎಂದರೆ ಮದುವೆಗೆ ಕಾಯುತ್ತಿದ್ದೆ ಎಂದರ್ಥ. ಆ ಕಾಲದಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ.

ನನ್ನ ಅಣ್ಣ ಬಸ್ಸಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ದೋಣಿಯ ಹಿಂಬದಿಗೆ ಸಿಕ್ಕಿಸುವಂಥ ಒಂದು ಮೋಟರು, ಯಾರೋ ಕೆಟ್ಟಿತೆಂದು ಬಿಸಾಡಿದ್ದು, ಮಂಗಳೂರಿನಲ್ಲಿ ಅವನ ಕಣ್ಣಿಗೆ ಬಿತ್ತು. ಅದನ್ನು ಮನೆಗೆ ತಂದು, ಬಿಚ್ಚಿ, ಜಗಲಿ ತುಂಬ ಹರವಿ, ಅಮ್ಮನ ಬೈಗುಳ ತಿನ್ನುತ್ತಾ ಕೊನೆಗೂ ಸರಿ ಮಾಡಿದ. ಒಂದು ಸಣ್ಣ ಹಳೆಯ ದೋಣಿಗೆ ಕೂರಿಸಿದ. ಮೋಟರು ದೊಡ್ಡದು, ದೋಣಿ ಚಿಕ್ಕದು. ಬಿಟ್ಟರೆ ಬಾಣದ ಹಾಗೆ ಹೋಗುತ್ತಿತ್ತು. ಅವತ್ತಿನಿಂದ ಅದು ಊರವರ ಬಾಯಲ್ಲಿ ಬೋಟು ಆಯಿತು.

ಬೋಟಿನ ಹಿಂದೆ ಹಗ್ಗ ಕಟ್ಟಿ, ಹಗ್ಗದ ತುದಿಗೆ ಗಾಳಿ ತುಂಬಿದ ಲಾರಿಯ ಟ್ಯೂಬು ಕಟ್ಟಿ, ಅದರ ಮೇಲೆ ಒಬ್ಬನನ್ನು ಕೂರಿಸಿ ಎಳೆಯುವುದು ಭಾನುವಾರದ ಆಟ. ಅಣ್ಣ ಮನೆಯಲ್ಲಿ ತಲೆ ಬಾಚಲಿಕ್ಕೂ ಉದಾಸೀನ ಮಾಡುವವ, ನೀರಿಗೆ ಇಳಿದರೆ ಮಾತ್ರ ಪೊಲೀಸು. ಹಗ್ಗವನ್ನು ಯಾರೂ ಕೈಗೆ ಸುತ್ತಿಕೊಳ್ಳುವ ಹಾಗಿಲ್ಲ. ಈಜು ಬಂದರೂ ಸೊಂಟಕ್ಕೆ ಒಣ ತೆಂಗಿನಕಾಯಿಯ ಜೋಡಿ ಕಟ್ಟಲೇಬೇಕು, ನಮ್ಮಲ್ಲಿ ಮಕ್ಕಳಿಗೆ ಈಜು ಕಲಿಸುವಾಗ ಕಟ್ಟುವ ಹಾಗೆ. ಬಿದ್ದವ ಮೇಲೆ ಬಂದ ಕೂಡಲೇ ಒಂದು ಕೈ ಎತ್ತಬೇಕು, ಎತ್ತಿದರೆ ಕ್ಷೇಮ ಎಂದರ್ಥ. ಅವನ ಹತ್ತಿರ ಹೋಗುವಾಗ ಮೋಟರು ಬಂದ್. ಇದೆಲ್ಲಕ್ಕಿಂತ ಮುಖ್ಯ, ಬೋಟಿನಲ್ಲಿ ಒಬ್ಬರು ಹಿಂದೆ ಮುಖ ಮಾಡಿ ಕೂತು ಟ್ಯೂಬಿನವನನ್ನೇ ನೋಡುತ್ತಿರಬೇಕು. ಓಡಿಸುವವನಿಗೆ ಮುಂದೆ ಬಂಡೆ ನೋಡಬೇಕು, ಹಿಂದೆ ನೋಡಿದರೆ ಎಲ್ಲರೂ ಮುಳುಗಿದಂತೆ.

ಗ್ಯಾರೇಜಿನ ಗೆಳೆಯರನ್ನು ಆ ಕೆಲಸಕ್ಕೆ ಕೂರಿಸಿ ನೋಡಿದ. ಅವರು ಬೀಡಿ ಹಚ್ಚುವುದು, ದಡದಲ್ಲಿ ಹೋಗುವವರನ್ನು ಮಾತಾಡಿಸುವುದು. ಕೊನೆಗೆ ನನ್ನನ್ನು ಕರೆದ. ಅಮ್ಮ ಬೇಡ ಎಂದಳು. "ನಾನೇ ಇದ್ದೇನಲ್ಲ ಅಮ್ಮ, ಅವಳಾದರೆ ಹೇಳಿದ್ದು ಕೇಳ್ತಾಳೆ" ಎಂದ ಅಣ್ಣ. ನಮ್ಮ ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅಣ್ಣ ಹಿಂಬದಿಯಲ್ಲಿ ಮೋಟರಿನ ಹಿಡಿ ಹಿಡಿದು ಕೂರುತ್ತಿದ್ದ. ನಾನು ನಡುವಿನ ಹಲಗೆಯಲ್ಲಿ, ಅವನಿಗೆ ಎದುರಾಗಿ, ಅವನ ಭುಜದ ಆಚೆಗೆ ನೋಡುತ್ತಾ. ಸ್ವಲ್ಪ ಸ್ವಲ್ಪ ಹೊತ್ತಿಗೆ ಅವನು "ಉಂಟಾ?" ಎಂದು ಕೇಳುತ್ತಿದ್ದ. ನಾನು "ಉಂಟು" ಎನ್ನುತ್ತಿದ್ದೆ.

ಟ್ಯೂಬಿನ ಮೇಲೆ ಇರುತ್ತಿದ್ದದ್ದು ಹೆಚ್ಚಾಗಿ ಸದಾನಂದ ಮಾಸ್ಟ್ರು. ಅಣ್ಣನ ಶಾಲೆಯ ಕಾಲದ ಗೆಳೆಯ. ಗುರುವಾಯನಕೆರೆಯಲ್ಲಿ ಮಾಸ್ಟ್ರಾಗಿದ್ದರು. ಶನಿವಾರ ಸಂಜೆಯ ಬಸ್ಸಿಗೆ ಬಂಟ್ವಾಳದ ತಮ್ಮ ಸೋದರಮಾವನ ಮನೆಗೆ ಬರುವವರು. ತೆಳ್ಳಗೆ, ಉದ್ದಕ್ಕೆ, ಗಾಳಿ ಬಂದರೆ ಹಾರಿಹೋಗುವ ಹಾಗೆ. ಟ್ಯೂಬು ಅಲೆಯ ಮೇಲೆ ಹಾರಿದಾಗೆಲ್ಲ ಬಾಯಿ ತೆರೆದು ನಗುವರು, ನೀರು ಕುಡಿಯುವರು, ಕೆಮ್ಮಿಕೊಂಡು ಮತ್ತೆ ನಗುವರು.

ನಮ್ಮ ಮನೆಗೆ ಹೊರಗಿನ ಗಂಡಸರು ಬಂದರೆ ಹುಡುಗಿಯರು ಒಳಗೆ. ಕಾಫಿ ಕೊಡುವಾಗ ಲೋಟ ನೋಡಬೇಕೇ ಹೊರತು ಮುಖವನ್ನಲ್ಲ. ಹೀಗಿರುವಾಗ ಸ್ವಂತ ಅಣ್ಣನೇ ನನ್ನನ್ನು ಕೂರಿಸಿ, ಆ ಮನುಷ್ಯನ ಮೇಲಿಂದ ಕಣ್ಣು ತೆಗೆಯಬೇಡ ಎಂದು ಅಪ್ಪಣೆ ಮಾಡಿದ್ದ. ಇಂಥ ಭಾಗ್ಯ ಆ ಊರಲ್ಲಿ ಬೇರೆ ಯಾವ ಹುಡುಗಿಗೂ ಇರಲಿಲ್ಲ. ನಾನು ನೋಡಿದೆ. ಬಿಸಿಲಿಗೆ ಅವರು ಕಣ್ಣು ಕಿರಿದು ಮಾಡುವುದು, ಬೀಳುವ ಮುಂಚೆ ನಾಲಿಗೆ ಕಚ್ಚುವುದು, ಎದ್ದ ಕೂಡಲೇ ಕೈ ಎತ್ತಿ ನನ್ನ ಕಡೆಗೇ ತೋರಿಸುವುದು, ಎಲ್ಲ ನೋಡಿದೆ. ಸೋಮವಾರದಿಂದ ಶನಿವಾರದ ತನಕ ಅದನ್ನೇ ನೆನೆಸಿಕೊಂಡು ಪಾತ್ರೆ ತೊಳೆದೆ. ಇಷ್ಟವಾಗಿತ್ತು ಎಂದು ಈಗ ಹೇಳಲಿಕ್ಕೆ ನನಗೇನೂ ನಾಚಿಕೆ ಇಲ್ಲ. ಆಗ ಮಾತ್ರ ಅವರ ಹತ್ತಿರ ನೆಟ್ಟಗೆ ಒಂದು ಮಾತು ಆಡಿದವಳಲ್ಲ.

ಮಾಸ್ಟ್ರು ಯಾವುದೋ ಪತ್ರಿಕೆಯಲ್ಲಿ ವಿದೇಶದವರು ಕಾಲಿಗೆ ಹಲಗೆ ಕಟ್ಟಿ ನೀರಿನ ಮೇಲೆ ನಿಂತು ಹೋಗುವ ಚಿತ್ರ ನೋಡಿದ್ದರಂತೆ. ಅಣ್ಣನ ತಲೆಗೂ ಅದೇ ಹುಳ ಹೊಕ್ಕಿತು. ಎರಡು ಹಲಗೆ ಕೆತ್ತಿಸಿ, ತುದಿ ಮೇಲಕ್ಕೆ ಬಾಗಿಸಿ, ಹಳೆಯ ಟ್ಯೂಬು ಕತ್ತರಿಸಿ ಪಾದ ತೂರಿಸಲಿಕ್ಕೆ ಪಟ್ಟಿ ಮಾಡಿದ.

ಆ ಹಲಗೆಗಳನ್ನು ನೀರಿಗಿಳಿಸಬೇಕೆಂದಿದ್ದ ಭಾನುವಾರವೇ, ಸಂಜೆ ನನ್ನನ್ನು ನೋಡಲು ಮೂಡುಬಿದಿರೆಯಿಂದ ಗಂಡಿನ ಕಡೆಯವರು ಬರುವುದಿತ್ತು. "ಬೆಳಗ್ಗೆ ಒಂದು ಸಲ ಹೋಗಿ ಬರುವ, ಮಧ್ಯಾಹ್ನದೊಳಗೆ ಬಿಡ್ತೇನೆ" ಎಂದು ಅಣ್ಣ ಅಮ್ಮನನ್ನು ಒಪ್ಪಿಸಿದ. ಅದೇ ಕೊನೆಯ ಸಲವೆಂದು ನನಗೆ ಗೊತ್ತಿತ್ತು. ಸಂಬಂಧ ಕೂಡಿಬಂದರೆ ಮತ್ತೆ ಯಾವ ಬೋಟು.

ಮಾಸ್ಟ್ರಿಗೆ ತೆಂಗಿನಕಾಯಿ ಕಟ್ಟಿಕೊಳ್ಳಲು ಮನಸ್ಸಿಲ್ಲ. "ಇದನ್ನು ಕಟ್ಟಿ ನಿಂತದ್ದು ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಾದರೆ ನಾನು ತರಗತಿಗೆ ಹೋಗುವುದು ಹೇಗೆ ಮಾರಾಯ?" ಎಂದರು.

"ಕಟ್ಟದಿದ್ದರೆ ಎಳೆಯುವುದಿಲ್ಲ" ಎಂದ ಅಣ್ಣ.

ಅವರು ಒಲ್ಲದ ಮನಸ್ಸಿನಿಂದ ಸಡಿಲಾಗಿ ಕಟ್ಟಿಕೊಂಡರು. ಎರಡು ಸಲ ಎಳೆದರೂ ಏಳಲಾಗಲಿಲ್ಲ, ಮುಖ ಅಡಿಯಾಗಿ ಬಿದ್ದರು. ಮೂರನೆಯ ಸಲ ಎದ್ದು ನಿಂತೇಬಿಟ್ಟರು. ಆ ನಿಂತದ್ದನ್ನು ಹೇಗೆ ಹೇಳಲಿ? ಮೊಣಕಾಲು ಬಗ್ಗಿಸಿ, ಎರಡೂ ಕೈಯಲ್ಲಿ ಹಗ್ಗದ ಹಿಡಿ ಹಿಡಿದು, ನೀರಿನ ಮೇಲೆ ಒಬ್ಬ ಮನುಷ್ಯ ನಿಂತು ನನ್ನ ಹಿಂದೆಯೇ ಬರುತ್ತಿದ್ದ. "ಉಂಟಾ?" ಎಂದ ಅಣ್ಣ. "ಉಂಟು" ಎನ್ನುವಾಗ ನನ್ನ ಸ್ವರ ನಡುಗಿತು. ಅಣ್ಣ ನನ್ನ ಮುಖವನ್ನು ಒಂದು ಕ್ಷಣ ನೋಡಿ ಮತ್ತೆ ಹೊಳೆಯ ಕಡೆ ತಿರುಗಿದ.

ಅಷ್ಟರಲ್ಲಿ ದಡದಲ್ಲಿ ಅಮ್ಮನ ಸ್ವರ ಕೇಳಿತು. ಸಂಜೆ ಬರಬೇಕಾದವರು ಬೆಳಗ್ಗಿನ ಬಸ್ಸಿಗೇ ಬಂದುಬಿಟ್ಟಿದ್ದರು. ಗಂಡಿನ ತಾಯಿ, ಅತ್ತೆ, ಜರಿ ಸೀರೆಯಲ್ಲಿ ಕಡವಿನ ಮೆಟ್ಟಿಲ ಮೇಲೆ ನಿಂತಿದ್ದರು. ಕಣ್ಣಂಚಿನಲ್ಲಿ ಕಾಣುತ್ತಿತ್ತು. "ಸುಮತೀ, ತಲೆ ತಗ್ಗಿಸು. ಯಾರು ಬಂದಿದ್ದಾರೆ ನೋಡು" ಎಂದು ಅಮ್ಮ ಕೂಗುತ್ತಿದ್ದಳು.

ಹುಟ್ಟಿದಂದಿನಿಂದ ಕಲಿತದ್ದು. ಅಂಥವರು ಎದುರಿಗೆ ಬಂದರೆ ತಲೆ ತಾನಾಗಿ ಬಗ್ಗುತ್ತದೆ. ನನ್ನ ಕತ್ತೂ ಬಗ್ಗಲು ಹೊರಟಿತ್ತು. ಆದರೆ ನೀರಿನ ಮೇಲೆ ನಿಂತವರು ಅಲ್ಲಿದ್ದರು. ನಾನು ತಲೆ ತಗ್ಗಿಸಲಿಲ್ಲ. ಅಮ್ಮ ಮತ್ತೆ ಕೂಗಿದಳು, ನಾನು ತಗ್ಗಿಸಲಿಲ್ಲ.

ಆಗಲೇ ಅವರ ಸೊಂಟದ ತೆಂಗಿನಕಾಯಿ ಕಳಚಿ ಬಿತ್ತು. ಅದನ್ನು ಹಿಡಿಯಲು ಒಂದು ಕೈ ಬಿಟ್ಟರು, ಹಲಗೆ ಅಡ್ಡ ಬಂತು, ಮಗುಚಿದರು. ಹಲಗೆಯೊಂದು ಮೇಲೆ ಹಾರಿ ಅವರ ತಲೆಗೆ ಬಡಿದದ್ದು ಕಂಡಿತು. ತೆಂಗಿನಕಾಯಿ ಜೋಡಿ ತೇಲುತ್ತಿತ್ತು. ಮೇಲೆ ಬಂದ ಕೈ ಇಲ್ಲ.

"ಉಂಟಾ?" ಎಂದ ಅಣ್ಣ.

"ಇಲ್ಲ" ಎಂದೆ. ಎದ್ದು ನಿಂತು, ಅವರು ಮುಳುಗಿದ ಜಾಗಕ್ಕೆ ಬೆರಳು ಚಾಚಿದೆ.

ಹೊಳೆಯಲ್ಲಿ ಒಮ್ಮೆ ಕಣ್ಣು ತಪ್ಪಿದರೆ ಜಾಗ ಸಿಗುವುದಿಲ್ಲ, ನೀರೆಲ್ಲ ಒಂದೇ ರೀತಿ ಕಾಣುತ್ತದೆ. ಅಣ್ಣ ಬೋಟು ತಿರುಗಿಸಿದ. ಬೋಟು ತಿರುಗಿದ ಹಾಗೆ ನಾನೂ ತಿರುಗಿದೆ, ಬೆರಳು ಮಾತ್ರ ಅಲ್ಲೇ ಇಟ್ಟೆ. ಸೆರಗು ಜಾರಿತ್ತು, ಜಡೆ ಬಿಚ್ಚಿತ್ತು. ದಡದಲ್ಲಿ ಅಮ್ಮ ಕೂಗುವುದನ್ನು ನಿಲ್ಲಿಸಿದ್ದಳು. ಅಣ್ಣ ಸ್ವಲ್ಪ ದೂರದಲ್ಲೇ ಮೋಟರು ಬಂದ್ ಮಾಡಿ, ನನ್ನ ಬೆರಳು ನೋಡಿಕೊಂಡು ಹಾರಿದ. ಒಮ್ಮೆ ಬರಿಗೈಯಲ್ಲಿ ಮೇಲೆ ಬಂದ. "ಇನ್ನೂ ಆಚೆ" ಎಂದು ಕಿರುಚಿದೆ. ಎರಡನೆಯ ಸಲ ಅವರ ಕೂದಲು ಹಿಡಿದು ಬಂದ.

ಇಬ್ಬರೂ ಸೇರಿ ಅವರನ್ನು ಬೋಟಿಗೆ ಎಳೆದು ಹಾಕಿದೆವು. ಅಣ್ಣ ಬೋರಲು ಮಲಗಿಸಿ ಬೆನ್ನು ಒತ್ತಿದ. ನೀರು ಹೊರಬಂತು, ಕೆಮ್ಮು ಬಂತು. ಮಾಸ್ಟ್ರು ಹೊರಳಿ ಕಣ್ಣು ಬಿಟ್ಟು ನನ್ನನ್ನು ನೋಡಿದರು.

"ಕೈ ಇಳಿಸಿ" ಎಂದರು, ಮೆಲ್ಲಗೆ.

ಆಗಲೇ ನನಗೆ ಗೊತ್ತಾದದ್ದು, ನನ್ನ ಕೈ ಮತ್ತೆ ಚಾಚಿಕೊಂಡು, ಬೆರಳು ಅವರನ್ನೇ ತೋರಿಸುತ್ತಿತ್ತು. ಅವರು ನನ್ನ ಹತ್ತಿರ ನೇರವಾಗಿ ಆಡಿದ ಮೊದಲ ಮಾತು ಅದು.

ಮೂಡುಬಿದಿರೆಯ ಸಂಬಂಧ ಮುರಿದುಬಿತ್ತು. ಹುಡುಗಿ ಗಂಡಸರನ್ನು ಕಣ್ಣು ಬಿಟ್ಟು ನೋಡುವವಳು ಎಂದರಂತೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಮ್ಮ ಅತ್ತಳು. ನನಗೆ ಒಳಗೊಳಗೆ ಹಬ್ಬ. ಅಣ್ಣ ನನ್ನನ್ನು ಏನೂ ಕೇಳಲಿಲ್ಲ, ಬೋಟಿನಲ್ಲಿ ನನಗೆ ಎದುರಾಗಿ ಕೂತವನಿಗೆ ಕೇಳಲು ಏನಿತ್ತು? ಮುಂದಿನ ವಾರ ಒಬ್ಬನೇ ಗುರುವಾಯನಕೆರೆಗೆ ಹೋಗಿ ಬಂದ. ಅಂಗಳದಲ್ಲಿ ಕಾಲು ತೊಳೆಯುತ್ತಾ, ನನ್ನ ಕಡೆ ನೋಡದೆ, "ಅವನಿಗೆ ಸೋದರಮಾವನ ಮಗಳು ಅಂತ ಚಿಕ್ಕಂದಿನಲ್ಲೇ ಮಾತಾಗಿದೆಯಂತೆ. ಮಾವನೇ ಓದಿಸಿದ್ದಂತೆ" ಎಂದ. ನಾನು ಒರೆಸಿಕೊಳ್ಳಲು ಬೈರಾಸು ಕೊಟ್ಟೆ. ಆಮೇಲೆ ಅಣ್ಣ ಮೋಟರು ಬಿಚ್ಚಿ ಯಾರಿಗೋ ಕೊಟ್ಟುಬಿಟ್ಟ.

ಮಾಸ್ಟ್ರು ಒಬ್ಬ ಹುಡುಗಿಗೆ ಕೊಟ್ಟ ಮಾತು ಉಳಿಸಿಕೊಂಡರು, ಅದರಲ್ಲಿ ತಪ್ಪು ಹುಡುಕಲು ನನ್ನಿಂದ ಇವತ್ತಿಗೂ ಆಗಿಲ್ಲ. ನನಗೆ ಮರುವರ್ಷ ವಿಟ್ಲದ ಕಡೆಗೆ ಮದುವೆಯಾಯಿತು. ಒಳ್ಳೆಯ ಗಂಡ, ಕಡಿಮೆ ಮಾಡಿದ್ದು ಏನೂ ಇಲ್ಲ. ಆದರೆ ಯಾವ ಹೊಳೆ ಕಂಡರೂ ಒಮ್ಮೆ ಬೋಟಿನಲ್ಲಿ ಹಿಂದೆ ಮುಖ ಮಾಡಿ ಕೂರಬೇಕು ಎಂಬ ಆಸೆ ಏಳುತ್ತದೆ, ಹೊಟ್ಟೆಯಲ್ಲಿ ಹಸಿವಾದ ಹಾಗೆ.

೧೯೬೯ನೇ ಇಸವಿಯಲ್ಲಿ ಮೂಡುಬಿದಿರೆಯ ಒಂದು ಮದುವೆಗೆ ಹೋಗಿದ್ದೆವು. ಊಟ ಮುಗಿಸಿ ಕೈ ತೊಳೆಯುವಲ್ಲಿ ಹಿಂದಿನಿಂದ ಆ ಸ್ವರ ಕೇಳಿತು. "ಸುಮತಿಯವರಲ್ವಾ?" ಪಕ್ಕದಲ್ಲಿ ಅವರ ಹೆಂಡತಿ ಇದ್ದರು. "ನಾನು ಹೇಳ್ತಾ ಇದ್ದದ್ದು ಇವರನ್ನೇ. ಅವತ್ತು ನನ್ನ ಮೇಲಿಂದ ಕಣ್ಣು ತೆಗೆಯದವರು" ಎಂದರು ಮಾಸ್ಟ್ರು.

ಆ ಹೆಂಗಸು ನನ್ನ ಒದ್ದೆ ಕೈ ಎರಡನ್ನೂ ಹಿಡಿದುಕೊಂಡರು. "ನೀವು ನೋಡಿದ್ದಕ್ಕೆ ನನಗೆ ಇವರು ಸಿಕ್ಕಿದ್ದು ಅಕ್ಕ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಅವರ ಹಸಿರು ಬಳೆಗಳನ್ನು ನೋಡುತ್ತಾ ನಿಂತೆ. ಮಕ್ಕಳೆಷ್ಟು, ಎಲ್ಲಿದ್ದೀರಿ ಎಂದು ಕೇಳಿದ್ದಕ್ಕೆಲ್ಲ ಬಳೆಗಳಿಗೇ ಉತ್ತರ ಕೊಟ್ಟೆ.

ಹಿಂದೆ ಬರುವಾಗ ಬಸ್ಸಿನಲ್ಲಿ ನನ್ನ ಗಂಡ ಕೇಳಿದರು, "ಆ ಮಾಸ್ಟ್ರು ಮೊದಲೂ ಹೀಗೇ ದಪ್ಪ ಇದ್ದರಾ?"

"ದಪ್ಪ ಆಗಿದ್ದಾರಾ?" ಎಂದೆ. "ನಾನು ನೋಡಲಿಲ್ಲ."

ನಿಜವನ್ನೇ ಹೇಳಿದ್ದೆ. ನೋಡು ಎಂದು ಹೇಳಲು ಅಲ್ಲಿ ಅಣ್ಣ ಇರಲಿಲ್ಲ.