ಖಾರ ಏನೂ ಆಗಿಲ್ಲರಿ

ನಮ್ಮ ಕಡೆ ಯಾರ ಮನೆಯಲ್ಲಿ ಉಂಡರೂ ಒಂದು ಮಾತು ಮಾತ್ರ ಯಾರ ಬಾಯಿಂದಲೂ ಬರುವುದಿಲ್ಲ. ಉಪ್ಪು ಜಾಸ್ತಿ ಆಗಿದೆ ಅನ್ನಬಹುದು, ರೊಟ್ಟಿ ಕರಕಾಗಿದೆ ಅನ್ನಬಹುದು, ಅನ್ನ ಮುದ್ದೆಯಾಗಿದೆ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಬಹುದು. ಖಾರ ಆಗಿದೆ ಅನ್ನುವಂತಿಲ್ಲ. ಅಂದರೆ ಅಡುಗೆ ಮಾಡಿದವಳಿಗಲ್ಲ, ಅಂದವರಿಗೇ ಅವಮಾನ. ಕಣ್ಣಲ್ಲಿ ನೀರು ಬಂದರೆ ಧೂಳು ಬಿತ್ತು ಅನ್ನಬೇಕು, ಮೂಗು ಸೋರಿದರೆ ನೆಗಡಿ ಅನ್ನಬೇಕು. ಈ ಒಂದು ಪದ್ಧತಿಯ ಪುಣ್ಯದಿಂದ ನಾನು ಚಿತ್ತವಾಡ್ಗಿಯ ನಮ್ಮ ಓಣಿಯಲ್ಲಿ ದೊಡ್ಡ ಅಡುಗೆಯವಳು ಅನ್ನಿಸಿಕೊಂಡೆ. ಅನ್ನಿಸಿಕೊಂಡೆ ಅಂದರೆ, ಹಾಗೆ ಅಂದವಳು ಬಹುಮಟ್ಟಿಗೆ ನಾನೇ.

ಬೇಸಿಗೆ ಬಂತೆಂದರೆ ವರ್ಷಕ್ಕಾಗುವಷ್ಟು ಖಾರ ಕುಟ್ಟಿಸಬೇಕು. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ, ಉರಿಗೆ ಗುಂಟೂರಿನದು. ಓಣಿಯ ಉಳಿದ ಹೆಂಗಸರು ಬ್ಯಾಡಗಿ ಜಾಸ್ತಿ ಹಾಕಿ ಗುಂಟೂರು ಕಡಿಮೆ ಹಾಕಿದರೆ ನಾನು ಎರಡೂ ಸಮಸಮ ಹಾಕುತ್ತಿದ್ದೆ, ಮತ್ತೆ ಅದನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ. ಗಿರಣಿಯವನು ನನ್ನ ಚೀಲ ಕಂಡ ಕೂಡಲೇ ಮೂಗಿಗೆ ಟವೆಲ್ ಬಿಗಿದುಕೊಳ್ಳುತ್ತಿದ್ದ. ಅದನ್ನೂ ನಾನು ಮರ್ಯಾದೆ ಅಂತಲೇ ತಿಳಿದಿದ್ದೆ.

ಮಗಳು ಹಂಪಿ ಹತ್ತಿರದ ಒಂದು ಹೋಟೆಲಿನಲ್ಲಿ ಕೌಂಟರ್ ನೋಡಿಕೊಳ್ಳುತ್ತಾಳೆ. ಒಮ್ಮೆ ಅಲ್ಲಿ ಉಳಿದಿದ್ದ ವಿದೇಶಿ ಹೆಂಗಸೊಬ್ಬಳು ಮನೆ ಅಡುಗೆ ಉಣ್ಣಬೇಕು ಅಂತ ಆಸೆಪಟ್ಟಳೆಂದು ಮನೆಗೇ ಕರೆದುಕೊಂಡು ಬಂದಳು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದೆ. ಪಾಪ, ಆಕೆ ಎರಡು ತುತ್ತು ಉಂಡು, ಇದ್ದ ನೀರೆಲ್ಲ ಕುಡಿದು, ಎದ್ದು ನಿಂತು ನನ್ನನ್ನು ಅಪ್ಪಿಕೊಂಡು ಅತ್ತಳು. ನನ್ನ ಕೈರುಚಿಗೆ ಪರದೇಶದವರ ಎದೆಯೂ ಕರಗಿತು ಅಂತ ಸುಮಾರು ದಿನ ಓಣಿಯಲ್ಲಿ ಹೇಳಿಕೊಂಡು ತಿರುಗಿದೆ. ಮಗಳು ಮುಂದೆ ಯಾರನ್ನೂ ಕರೆತರಲಿಲ್ಲ.

ಇಂಥ ನನ್ನ ಮಗಳಿಗೆ ಗಂಡು ಹುಡುಕಲು ಶುರುಮಾಡಿದಾಗ ಕಿರಾಣಿ ಅಂಗಡಿ ನಡೆಸುವ ನಮ್ಮ ಯಜಮಾನರದೂ ನನ್ನದೂ ಜೀವ ಹೈರಾಣಾಯಿತು. ಬಂದವರನ್ನೆಲ್ಲ ಬ್ಯಾಡ ಅಂದಳು. ಯಾಕೆ ಅಂದರೆ, "ಮನಸಿಗೆ ಬರಲಿಲ್ಲವ್ವ" ಅಷ್ಟೇ. ಕೊನೆಗೆ ಕಂಪ್ಲಿಯ ಕಡೆಯ ಒಂದು ಸಂಬಂಧ ಬಂತು. ಅಕ್ಕಿ ಗಿರಣಿ ಇದ್ದ ಮನೆ, ಹುಡುಗ ಡ್ಯಾಮಿನ ಹತ್ತಿರ ಕಾಲುವೆ ಆಫೀಸಿನಲ್ಲಿ ಕೆಲಸದವನು. ಮೊದಲ ಸಲ ಬಂದು ಮಂಡಕ್ಕಿ, ಚಹಾ ತಗೊಂಡು ಹೋದರು. ಮಾತು ಗಟ್ಟಿಯಾಗುವ ತನಕ ಹೆಣ್ಣಿನ ಮನೆಯಲ್ಲಿ ಊಟಕ್ಕೆ ಕೂರುವುದಿಲ್ಲ, ಅದು ರೂಢಿ. ಹೋಗುವಾಗ ಹುಡುಗನ ತಾಯಿ, "ಸೋಮವಾರ ಊಟಕ್ಕ ಬರ್ತೀವ್ರಿ, ಅವತ್ತ ಮಾತು ಮುಗಿಸೋಣ" ಅಂದರು. ಅಂದರೆ ಮುಕ್ಕಾಲು ಒಪ್ಪಿದ ಹಾಗೆ. ಆ ರಾತ್ರಿ ಮಗಳು ಯಾರೂ ಹೇಳದೆ ತನ್ನ ರೇಷ್ಮೆ ಸೀರೆ ತೆಗೆದು ಇಸ್ತ್ರಿಗೆ ಇಟ್ಟಳು. ಅದನ್ನು ನೋಡಿ ನನ್ನ ಎದೆ ತುಂಬಿ ಬಂತು. ದೇವರೇ, ಇದೊಂದು ಕೂಡಿಬರಲಿ ಅಂದುಕೊಂಡೆ.

ಹಾಗೆ ಅಂದುಕೊಂಡವಳು ಸುಮ್ಮನೆ ದಿನಾ ಮಾಡುವಂತೆ ಅಡುಗೆ ಮಾಡಿದ್ದರೆ ಮುಗಿದಿತ್ತು. ಪಕ್ಕದ ಮನೆಯಾಕೆ ಗೋಡೆ ಮೇಲಿಂದ ಇಣುಕಿ, "ಕಂಪ್ಲಿಯವರಂತಲ್ಲ? ಆಂಧ್ರದ ಕಡಿ ಬಳಕಿ ಇದ್ದ ಮಂದಿ ಅವರು. ಖಾರ ಅಂದ್ರ ನೀರು ಕುಡ್ದಂಗ" ಅಂದಳು. ನನ್ನ ತಲೆ ಕೆಟ್ಟಿತು. ನನ್ನ ಎಣ್ಣೆಗಾಯಿ ತಿಂದು ಅವರು ಸಪ್ಪೆ ಅಂದುಬಿಟ್ಟರೆ? ಹೆಣ್ಣಿನ ಮನೆಯವರ ಕೈಯಲ್ಲಿ ರುಚಿಯೇ ಇಲ್ಲ ಅಂದುಕೊಂಡರೆ? ಎಳೆ ಬದನೆಕಾಯಿ ಸೀಳಿ ಶೇಂಗಾ, ಗುರೆಳ್ಳು, ಒಣಕೊಬ್ಬರಿಯ ಮಸಾಲೆ ತುಂಬುವಾಗ ಎಂದಿನ ಖಾರ ಹಾಕಿದೆ. ಮೇಲೆ ಬರೀ ಗುಂಟೂರಿನ ಪುಡಿ ಒಂದು ಚಮಚ ಹಾಕಿದೆ. ಕಂಪ್ಲಿ ನೆನಪಾಗಿ ಇನ್ನೊಂದು ಹಾಕಿದೆ. ಪುಂಡಿಪಲ್ಲೆಗೂ ಅದೇ ಗತಿ, ಸಾರಿಗೂ ಅದೇ.

ಅದು ಶ್ರಾವಣದ ಸೋಮವಾರ ಬೇರೆ. ದೇವರಿಗೆ ಎಡೆ ಹಿಡಿಯುವ ತನಕ ನಾಲಿಗೆಗೆ ಏನೂ ಮುಟ್ಟಿಸುವಂತಿಲ್ಲ. ಎಡೆ ಹಿಡಿದೆ, ಆರತಿ ಬೆಳಗಿದೆ, ಇನ್ನೇನು ರುಚಿ ನೋಡಬೇಕು ಅನ್ನುವಷ್ಟರಲ್ಲಿ ಹೊರಗೆ ಕಾರಿನ ಬಾಗಿಲ ಸದ್ದು. "ಬರ್ರಿ, ಬರ್ರಿ, ಕುಂದ್ರಿ" ಅಂತ ಓಡಿದೆ. ರುಚಿ ನೋಡುವುದು ಉಳಿಯಿತು. ನೋಡಬೇಕಾದ್ದೇನಿದೆ, ನನ್ನ ಕೈ ನನಗೆ ಗೊತ್ತಿಲ್ಲವೇ ಅನ್ನುವ ಜಂಬ ಬೇರೆ.

ಎಲ್ಲರೂ ಸಾಲಾಗಿ ಕೂತರು. ಹುಡುಗನ ತಂದೆ ಮೊದಲ ತುತ್ತು ಬಾಯಿಗಿಟ್ಟರು. ಅವರ ಕಿವಿಗಳು ಕೆಂಪಾಗುವುದನ್ನು ನಾನು ಕಣ್ಣಾರೆ ಕಂಡೆ. "ಮಸ್ತ್ ಐತ್ರಿ" ಅಂದು, ಮಾನದ ಪ್ರಶ್ನೆ ನೋಡಿ, ಇನ್ನೊಂದು ಬದನೆಕಾಯಿ ಹಾಕಿಸಿಕೊಂಡರು. ಹುಡುಗನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಒಗ್ಗರಣಿ ಘಾಟು ಬಂತ ನೋಡ್ರಿ" ಅಂದರು. ಒಲೆ ಆರಿಸಿ ಎಷ್ಟೋ ಹೊತ್ತಾಗಿತ್ತು. ನಮ್ಮ ಯಜಮಾನರು ಮೋರೆ ತುಂಬ ಬೆವರು ಸುರಿಸುತ್ತ, "ಏನ್ ಸೆಕಿ, ಏನ್ ಸೆಕಿ" ಅಂತ ಫ್ಯಾನಿನ ಕಡೆ ನೋಡುತ್ತಿದ್ದರು. ಹೊರಗೆ ಜಿಟಿಜಿಟಿ ಮಳೆ. ಅವರೆಲ್ಲ ಮೆಚ್ಚಿದ್ದಾರೆ ಅಂತಲೇ ತಿಳಿದು ನಾನು ಒತ್ತಾಯ ಮಾಡಿ ಬಡಿಸುತ್ತಲೇ ಇದ್ದೆ. ಬಡಿಸುವುದರಲ್ಲಿ ನನಗೆ ಕರುಣೆ ಕಡಿಮೆ.

ಆಗ ಹುಡುಗ ತಟ್ಟೆಯಿಂದ ಕೈ ಎತ್ತಿದ. ಮೂಗು, ಕಣ್ಣು ಎರಡೂ ಸೋರುತ್ತಿದ್ದವು. ಸಾವಕಾಶವಾಗಿ, ಗಂಟೆ ಎಷ್ಟು ಅಂತ ಕೇಳುವವನ ಹಾಗೆ ಹೇಳಿದ: "ಆಂಟಿ, ರುಚಿ ಐತ್ರಿ, ಆದ್ರ ಭಾಳ ಖಾರ ಆಗೈತಿ. ನನಗ ತಡ್ಕೊಳಾಕ ಆಗವಲ್ದು. ಸ್ವಲ್ಪ ಮಜ್ಜಿಗಿ ಇದ್ರ ಕೊಡ್ರಿ."

ಅವರಪ್ಪ ತಟ್ಟೆ ನೋಡಿದರು, ಅವರವ್ವ ಮಗನನ್ನು ನುಂಗುವ ಹಾಗೆ ನೋಡಿದರು. ನನ್ನ ಕೈಲಿದ್ದ ಸೌಟು ಅಲ್ಲೇ ನಿಂತಿತು. ಇಷ್ಟು ವರ್ಷದ ಸಂಸಾರದಲ್ಲಿ ಆ ಮಾತನ್ನು ಯಾರ ಬಾಯಿಂದಲೂ ಕೇಳಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಗಳು ಒಳಗೆ ಹೋಗಿ ದೊಡ್ಡ ಲೋಟದ ತುಂಬ ಮಜ್ಜಿಗೆ ತಂದು ಅವನ ಮುಂದಿಟ್ಟಳು. ಅವನು ಒಂದೇ ಗುಟುಕಿಗೆ ಕುಡಿದು ಮತ್ತೆ ಲೋಟ ಚಾಚಿದ. ಅವಳು ಫಕ್ಕನೆ ನಕ್ಕಳು.

ಮಾತುಕತೆ ಅಷ್ಟಕ್ಕೇ ಮುಗಿಯಿತು. ಹುಡುಗನ ತಾಯಿ ಹೋಗುವಾಗ "ತಿಳಸ್ತೀವ್ರಿ" ಅಂದರು. ತಿಳಸ್ತೀವಿ ಅಂದರೆ ಏನಂತ ಹೆಣ್ಣು ಹೆತ್ತವರಿಗೆಲ್ಲ ಗೊತ್ತು. ಕಾರು ಓಣಿ ದಾಟುವ ಮೊದಲೇ ನಾನು ಅಡುಗೆಮನೆಯಲ್ಲಿ ಕುಸಿದು ಕೂತೆ. ಮಗಳ ಬಾಳಿಗೆ ನನ್ನ ಕೈಯಾರೆ ಖಾರದ ಪುಡಿ ಎರಚಿದೆನಲ್ಲ ಅಂತ ಹಣೆ ಚಚ್ಚಿಕೊಂಡೆ. ಸಂಕಟದಲ್ಲೂ ನಾನು ನಾನೇ ತಾನೆ? "ಎಂಥ ಹುಡುಗ ಅವ, ಒಂದ್ ಬದನಿಕಾಯಿ ತಿನ್ನಾಕ ಆಗಲಿಲ್ಲ. ಗಂಡಸಾ ಅವ?" ಅಂತ ಬೈಯುತ್ತಲೇ ಉಳಿದ ಎಣ್ಣೆಗಾಯಿಗೆ ರೊಟ್ಟಿ ಅದ್ದಿ ಬಾಯಿಗಿಟ್ಟೆ. ನೆತ್ತಿಗೆ ಬೆಂಕಿ ಬಿದ್ದ ಹಾಗಾಯಿತು. ಕೆಮ್ಮಿ ಕೆಮ್ಮಿ ಸಾಕಾಗಿ ಬಚ್ಚಲಿಗೆ ಓಡಿದೆ.

ವಾಪಸ್ ಬಂದಾಗ ಮಗಳು ಪಾತ್ರೆ ಎತ್ತಿಡುತ್ತಿದ್ದಳು. "ಯವ್ವಾ, ನನಗ ಅವ ಒಪ್ಪಿಗಿ" ಅಂದಳು.

"ಈಗ್ ಯಾಕ ಹೇಳ್ತಿ, ಅವರು ಬಿಟ್ಟು ಹೋದ ಮ್ಯಾಲ?"

"ಈಗ ಒಪ್ಪಿಗಿ ಆತು, ಅದಕ್ಕ ಹೇಳಾಕತ್ತೀನಿ." ಅವಳು ನಗುತ್ತಿರಲಿಲ್ಲ. "ನಮ್ಮನ್ಯಾಗ ಯಾರಿಗಿ ಏನ್ ತ್ರಾಸಾದ್ರೂ ಬಾಯಿ ಬಿಡಂಗಿಲ್ಲ. ಅಪ್ಪ ಅಂಗಡಿ ಗಲ್ಲಾದಾಗ ಹೊಟ್ಟಿ ಉರಿ ಗುಳಿಗಿ ಇಟ್ಕೊಂಡಾನ, ದಿನಾ ಊಟ ಆದ ಮ್ಯಾಲ ನುಂಗ್ತಾನ. ನಿನಗ ಗೊತ್ತೈತೇನು? ನನಗ ಹಂಗ ಬಾಳೇವು ಮಾಡಾಕ ಆಗಂಗಿಲ್ಲವ್ವ. ಖಾರ ಆದ್ರ ಖಾರ ಅನ್ನೋವ ಬೇಕು."

ಗುಳಿಗೆ. ದಿನಾ. ನಮ್ಮ ಕಿರಾಣಿ ಅಂಗಡಿ ಮನೆಯಿಂದ ನಾಲ್ಕು ಹೆಜ್ಜೆ ಆಚೆ. ಆ ಗಲ್ಲಾ ನಾನೇ ಎಷ್ಟು ಸಲ ಒರೆಸಿದ್ದೆನೋ.

ಸಂಜೆಗೆ ಕಂಪ್ಲಿಯಿಂದ ಫೋನು ಬಂತು. ಹುಡುಗನ ತಾಯಿ. "ಏನ್ ತಪ್ಪ ತಿಳ್ಕೋಬ್ಯಾಡ್ರಿ, ನಮ್ಮ ಹುಡುಗನ ಬಾಯಿನ ಹಂಗ" ಅಂತ ಅವರೇ ಶುರುಮಾಡಿದರು. "ನಿಮ್ಮ ಹುಡುಗಿ ಮಾರಿ ಗಂಟು ಹಾಕಲಾರದ ಮಜ್ಜಿಗಿ ತಂದಿಟ್ಟಳಲ್ರಿ, ನನಗ ಅಕಿನ ಬೇಕು ಅಂತ ಕುಂತಾನ. ನೀವು ಹೂಂ ಅಂದ್ರ ತಾರೀಖು ನೋಡೋಣ." ಹೂಂ ಅಂದೆ. ಎಷ್ಟು ಸಲ ಅಂದೆನೋ, ಅವರೇ "ಆತ್ರಿ, ಆತ್ರಿ" ಅಂದು ಫೋನಿಟ್ಟರು. ಮಗಳ ಮುಖ ನೋಡಿದೆ. ಅಷ್ಟು ಬೆಳಕಾದ ಮುಖವನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

ಯಜಮಾನರು ಅಂಗಡಿಯಿಂದ ಬಂದರು. ಸುದ್ದಿ ಕೇಳಿ ಮಗಳ ತಲೆ ಸವರಿ, ಕೈಕಾಲು ತೊಳೆದು ಪಡಸಾಲೆಯಲ್ಲಿ ಕೂತರು. ನಾನು ಎದುರಿಗೆ ಕೂತೆ.

"ಒಂದ್ ಮಾತು ಕೇಳ್ತೀನಿ, ಖರೆ ಹೇಳ್ರಿ. ನನ್ನ ಅಡಿಗಿ ನಿಮಗ ಖಾರ ಆಗ್ತೈತೇನ್ರಿ?"

ಅವರು ಮಗಳ ಕಡೆ ನೋಡಿದರು. ಅವಳು ಗೋಡೆಯ ಕಡೆ ನೋಡಿದಳು. "ಏ, ಇಲ್ಲ ಬಿಡು" ಅಂದರು. ನಾನು ಕೂತಲ್ಲಿಂದ ಏಳಲಿಲ್ಲ. ಕೊನೆಗೆ, ಬಹಳ ಸಣ್ಣ ದನಿಯಲ್ಲಿ, "ಹೂಂ, ಆಗ್ತೈತಿ" ಅಂದರು.

"ಯಾವಾಗಿಂದ?"

"ಮದುವ್ಯಾದ ಮರುದಿನದಿಂದ."