ಕಣ್ಣು ಬಿಡಿಸಿದ ಫೋಟೋ

ಹೊಸನಗರದ ನನ್ನ ಸ್ಟುಡಿಯೋದಲ್ಲಿ ಒಂದು ಕೋಟು ಇದೆ. ಬೀರುವಿನಲ್ಲಲ್ಲ, ಕಂಪ್ಯೂಟರಿನ ಒಳಗೆ. ಕಡುನೀಲಿ ಬಣ್ಣದ್ದು. ಬದುಕಿದ್ದಾಗ ಪಂಚೆ ಬನಿಯನ್ನು ಬಿಟ್ಟು ಬೇರೇನೂ ಹಾಕದ ಎಷ್ಟೋ ಗಂಡಸರು ಸತ್ತ ಮೇಲೆ ನನ್ನ ಈ ಕೋಟು ತೊಟ್ಟು ಗೋಡೆ ಏರಿದ್ದಾರೆ. ತೀರ್ಥಹಳ್ಳಿ ಕಡೆ ಯಾರ ಮನೆಗೆ ಊಟಕ್ಕೆ ಹೋದರೂ ನಾನು ಮೊದಲು ನೋಡುವುದು ಗೋಡೆಯನ್ನೇ. ಕೋಟು ಕಂಡರೆ ನಗು ಬರುತ್ತದೆ. ತಡೆದುಕೊಂಡು ಪಾಯಸ ಉಣ್ಣುತ್ತೇನೆ.

ಹೆಂಗಸರಿಗೆ ಕೋಟಿನ ಗೊಡವೆ ಇಲ್ಲ, ಅವರದ್ದು ಕಣ್ಣಿನ ತಾಪತ್ರಯ. ಅವರು ಫೋಟೋಕ್ಕೆ ನಿಲ್ಲುವುದೇ ಅಪರೂಪ, ನಿಂತರೂ ಸರಿಯಾಗಿ ಫ್ಲ್ಯಾಶ್ ಬೀಳುವ ಹೊತ್ತಿಗೆ ಕಣ್ಣು ಮುಚ್ಚುತ್ತಾರೆ. ವೈಕುಂಠ ಸಮಾರಾಧನೆಯ ದಿನ ಹಾರ ಹಾಕಿ ಕುರ್ಚಿಯ ಮೇಲಿಡುವ ಫೋಟೋದಲ್ಲಿ ಕಣ್ಣು ಮುಚ್ಚಿರುವಂತಿಲ್ಲ. ಹೆಣದ ಫೋಟೋ ಇಟ್ಟಿದ್ದಾರೆ ಎಂದು ಊಟಕ್ಕೆ ಬಂದವರು ಆಡಿಕೊಳ್ಳುತ್ತಾರೆ. ಹಾಗಾಗಿ ಬೇರೆ ಯಾರದೋ ಫೋಟೋದಿಂದ ಕಣ್ಣು ಕತ್ತರಿಸಿ ತಂದು ಕೂರಿಸುತ್ತೇವೆ. ಇದಕ್ಕೆ ಕಣ್ಣು ಬಿಡಿಸುವುದು ಎನ್ನುತ್ತೇವೆ. ನಮ್ಮತ್ತೆಯ ಕಣ್ಣು ದೊಡ್ಡದು, ಚೆಂದದ್ದು. ಅರಳಸುರಳಿಯಿಂದ ಹಿಡಿದು ಸಿಗಂದೂರಿನ ದಾರಿಯವರೆಗೆ ಎಷ್ಟೋ ಮನೆಗಳಲ್ಲಿ ಅವು ಪಿಳಿಪಿಳಿ ನೋಡುತ್ತಿವೆ. ಅತ್ತೆಗೂ ಇದು ಗೊತ್ತು. "ನಾ ಸತ್ಮೇಲೆ ನಂಗಾದ್ರೂ ನಂದೇ ಕಣ್ಣಿಡು ಮಾರಾಯ್ತಿ" ಎನ್ನುತ್ತಾರೆ.

ಹಳೇ ಸಾಫ್ಟ್‌ವೇರಿನಲ್ಲಿ ಈ ಕೆಲಸಕ್ಕೆ ಅರ್ಧ ದಿನ ಬೇಕು. ಸತ್ತವರ ಮನೆಯವರನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಳ್ಳುತ್ತೇನೆ. ಕಣ್ಣು ಸಣ್ಣದಿತ್ತಾ, ಒಳಗೆ ಹೋಗಿತ್ತಾ, ಹುಬ್ಬು ಹೇಗಿತ್ತು ಎಂದು ಕೇಳುತ್ತಾ ಮೌಸ್ ಆಡಿಸುತ್ತೇನೆ. ಅವರು ಹೇಳುತ್ತಾರೆ, ಅಳುತ್ತಾರೆ, ನಡುವೆ ತೋಟದ ಪಾಲಿನ ಜಗಳವನ್ನೂ ತೆಗೆಯುತ್ತಾರೆ. ಸಂಜೆ ಹೊತ್ತಿಗೆ ನನಗೆ ತಲೆ ಚಿಟ್ಟು ಹಿಡಿದಿರುತ್ತದೆ. ಕಂಪ್ಯೂಟರೂ ಹಳೆಯದೇ. ಆನ್ ಮಾಡಿ, ಅಂಗಡಿ ಗುಡಿಸಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ ಬಂದರೂ ಅದು ಇನ್ನೂ ಕಣ್ಣುಜ್ಜುತ್ತಲೇ ಇರುತ್ತದೆ.

ಅದನ್ನು ರಿಪೇರಿ ಮಾಡಲು ಸಾಗರದಿಂದ ಬರುವವರೊಬ್ಬರು ಈಚೆಗೆ ನನ್ನ ಬೆನ್ನು ಹತ್ತಿದ್ದರು. "ಅಕ್ಕಾ, ತೀರ್ಥಳ್ಳಿಯೋರೆಲ್ಲ ಹೊಸ ವರ್ಷನ್ ಹಾಕ್ಸಿ ಆಯ್ತು. ನೀವೊಬ್ರೇ ಇನ್ನೂ ಕಣ್ಣು ಕತ್ತರಿಸ್ತಾ ಕೂತಿದೀರಿ. ಈ ಕಂಪ್ಯೂಟರೇ ಸಾಕು, ಒಂಚೂರು ಮೆಮೊರಿ ಹಾಕಿದ್ರೆ ಓಡುತ್ತೆ. ಒಂದ್ವಾರ ಟ್ರಯಲ್ ನೋಡಿ, ಆಮೇಲೆ ಹೇಳಿ" ಎಂದು ಹಳೆಯದರ ಪಕ್ಕದಲ್ಲೇ ಹೊಸದನ್ನೂ ಕೂರಿಸಿ ಹೋದರು. ನಾನು ಮೊದಲು ಪ್ರಯೋಗಿಸಿದ್ದು ನನ್ನದೇ ಮುಖದ ಮೇಲೆ. ಒಂದು ಕ್ಲಿಕ್ಕಿಗೆ ಸುಕ್ಕೆಲ್ಲ ಹೋಗಿ ನಾನು ನನ್ನ ತಂಗಿಯ ಹಾಗೆ ಕಂಡೆ. ನನಗೆ ತಂಗಿಯೇ ಇಲ್ಲ. ಆದರೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ವಾರ ಮುಗಿಯುವ ಹೊತ್ತಿಗೆ ಹಾಕಿಸುವುದೇ ಸರಿ ಎಂದು ಮುಕ್ಕಾಲು ತೀರ್ಮಾನ ಮಾಡಿದ್ದೆ.

ಟ್ರಯಲ್ಲಿನ ಕೊನೆಯ ದಿನ ಬೆಳಿಗ್ಗೆ ಮಾಸ್ತಿಕಟ್ಟೆ ಕಡೆಯಿಂದ ಒಬ್ಬರು ಬಂದರು. ಅಲ್ಲಿ ಚಹದಂಗಡಿ ಇಟ್ಟುಕೊಂಡವರು, ಅರವತ್ತು ದಾಟಿದ ವಯಸ್ಸು, ತಲೆ ಕೆದರಿತ್ತು. ಹೆಂಡತಿ ತೀರಿಕೊಂಡಿದ್ದರು, ಮಾರನೆಯ ದಿನ ವೈಕುಂಠ. ಯಾರದೋ ಮದುವೆಯಲ್ಲಿ ಮೊಬೈಲಿನಲ್ಲಿ ತೆಗೆದ ಗುಂಪು ಫೋಟೋ ತೋರಿಸಿದರು. ಹಿಂದಿನ ಸಾಲಿನಲ್ಲಿ ಆಕೆ, ಮಸುಕು ಮಸುಕು. ಮಾಮೂಲಿನಂತೆ ಕಣ್ಣು ಮುಚ್ಚಿತ್ತು.

"ಬೇರೆ ಯಾವ್ದೂ ಇಲ್ವಾ? ಆಧಾರ್ ಕಾರ್ಡು?" ಎಂದೆ.

"ಅದು ಬ್ಯಾಡ ಅಮ್ಮಾ. ಅದ್ರಲ್ಲಿ ಅವ್ಳ ಥರಾನೇ ಇಲ್ಲ."

ಆಧಾರ್ ಕಾರ್ಡಿನಲ್ಲಿ ಯಾರು ತಾನೇ ಅವರ ಥರ ಇರುತ್ತಾರೆ, ನಾನು ಒತ್ತಾಯ ಮಾಡಲಿಲ್ಲ. ಅವರು ಸ್ಟೂಲು ಎಳೆದುಕೊಳ್ಳಲು ಬಗ್ಗಿದರು. ಮೊದಲು ಯಾರಿಗೋ ಹೀಗೇ ಮಾಡಿಸಲು ಬಂದು ಕೂತು ಅಭ್ಯಾಸವಿತ್ತೇನೋ. ನಾನು, "ಕೂರೋದೆಲ್ಲ ಬೇಡ ಯಜಮಾನ್ರೇ, ಈಗ ಹೊಸದು ಬಂದಿದೆ. ಒಂದು ಚಾ ಕುಡ್ದು ಬನ್ನಿ, ಅಷ್ಟ್ರಲ್ಲಿ ಆಗಿರುತ್ತೆ" ಎಂದು ಕಳಿಸಿಬಿಟ್ಟೆ.

ಅವರು ಚಹ ಕುಡಿಯುವ ಮೊದಲೇ ಆಯಿತು. ಮಸುಕಿನೊಳಗಿಂದ ಮುಖ ಮೇಲೆದ್ದು ಬಂತು. ಮೂಗುತಿಯ ಹರಳು, ಹಣೆಯ ಕುಂಕುಮ, ಕೆನ್ನೆಯ ಗೆರೆ ಎಲ್ಲಾ ಸ್ಪಷ್ಟ. ಆಮೇಲೆ ಕಣ್ಣು. ಯಾರ ಕಣ್ಣೂ ಕತ್ತರಿಸಲಿಲ್ಲ, ಎಲ್ಲಿಂದಲೂ ತರಲಿಲ್ಲ. ಅದರಷ್ಟಕ್ಕೆ ಅದೇ ತೆರೆಯಿತು. ಹೊಳೆಯುವ ಕಪ್ಪು ಕಣ್ಣು, ನೆಟ್ಟಗೆ ನನ್ನನ್ನೇ ನೋಡುತ್ತಿತ್ತು. ಇಷ್ಟು ವರ್ಷ ಕತ್ತರಿಸಿ ಅಂಟಿಸಿದ್ದೆಲ್ಲ ಮಕ್ಕಳಾಟ ಅನ್ನಿಸಿ ನಾಚಿಕೆಯಾಯಿತು. ಸಾಗರದವರಿಗೆ ಈಗಲೇ ಫೋನ್ ಮಾಡಿ ಹಾಕಿಸಿಬಿಡೋಣ ಎಂದು ಕೈಯಲ್ಲಿ ಮೊಬೈಲು ಹಿಡಿದಿದ್ದೆ.

ಅಷ್ಟರಲ್ಲಿ ಅವರು ಒಳಗೆ ಬಂದರು. ಸ್ಕ್ರೀನ್ ಅವರ ಕಡೆ ತಿರುಗಿಸಿದೆ. ನಿಂತಲ್ಲೇ ನಿಂತರು. ಇಂಥ ಹೊತ್ತಿನಲ್ಲಿ ಜನ ಅಳುವುದನ್ನು ನೋಡಿದ್ದೇನೆ, ಇವರೂ ಅಳುತ್ತಾರೆ ಅಂದುಕೊಂಡೆ. ಅಳಲಿಲ್ಲ. ಬಾಗಿಲ ಕಡೆ ಒಂದು ಹೆಜ್ಜೆ ಹಿಂದೆ ಸರಿದರು.

"ಇವ್ಳು ನನ್ನ ನೋಡ್ತಾ ಇದಾಳಾ?"

"ಹ್ಞೂಂ ಮತ್ತೆ! ಎಲ್ಲಿ ನಿಂತ್ರೂ ನಿಮ್ಮನ್ನೇ ನೋಡ್ತಾರೆ" ಎಂದು ಜಂಬದಿಂದ ಹೇಳಿ, ಇನ್ನೂ ಚೆನ್ನಾಗಿ ಕಾಣಲಿ ಎಂದು ಆ ಎರಡು ಕಣ್ಣನ್ನೇ ಸ್ಕ್ರೀನ್ ತುಂಬಾ ದೊಡ್ಡದು ಮಾಡಿ ತೋರಿಸಿದೆ.

"ನನ್ ಹೆಂಡ್ತಿಗೆ ಕಣ್ಣಿರ್ಲಿಲ್ಲ ಅಮ್ಮಾ" ಎಂದರು. "ಸಣ್ಣೋಳಿದ್ದಾಗ್ಲೇ ಜ್ವರ ಬಂದು ಕಣ್ಣು ಹೋಗಿತ್ತು. ರೆಪ್ಪೆ ತೆಗೀತಾನೇ ಇರ್ಲಿಲ್ಲ."

ಆ ಕಣ್ಣುಗಳು ಹಾಗೇ ನಮ್ಮಿಬ್ಬರನ್ನೂ ನೋಡುತ್ತಿದ್ದವು. ಒಂದು ಗಳಿಗೆ ಹಿಂದೆ ಅಷ್ಟು ಚೆಂದ ಕಂಡಿದ್ದವು, ಈಗ ನನಗೇ ಹೆದರಿಕೆಯಾಯಿತು. ಈ ಕಣ್ಣು ಯಾರದು? ಅತ್ತೆಯದೂ ಅಲ್ಲ, ಯಾರದೂ ಅಲ್ಲ. ಇಷ್ಟೊಂದು ಜನಕ್ಕೆ ಕಣ್ಣು ಬಿಡಿಸಿದ್ದೇನೆ, ಇವರ ಕಣ್ಣು ಹೇಗಿತ್ತು ಎಂಬ ಒಂದು ಮಾತು ಕೇಳದೆ ಮಾಡಿದ್ದು ಇದೇ ಮೊದಲು. ಯಂತ್ರ ಕೇಳಲಿಲ್ಲ ಸರಿ, ನನಗೇನಾಗಿತ್ತು ಧಾಡಿ? ಕೂರಲು ಬಂದವರನ್ನು ಚಹಕ್ಕೆ ಅಟ್ಟಿದವಳು ನಾನೇ. ಆ ಚಿತ್ರವನ್ನು ಗಡಿಬಿಡಿಯಲ್ಲಿ ಕೆಳಗಿಳಿಸಿ ಕಣ್ಣಿಗೆ ಮರೆ ಮಾಡಿದೆ.

"ತಪ್ಪಾಯ್ತು ಯಜಮಾನ್ರೇ. ಕೂತ್ಕೊಳ್ಳಿ. ಹಳೇದ್ರಲ್ಲೇ ಮಾಡಿ ಕೊಡ್ತೀನಿ" ಎಂದು ಸ್ಟೂಲು ಎಳೆದು ಕೊಟ್ಟೆ.

ಹಳೇ ಸಾಫ್ಟ್‌ವೇರು ತೆವಳುತ್ತಾ ತೆರೆಯಿತು. ಗುಂಪಿನಿಂದ ಆಕೆಯನ್ನು ಬಿಡಿಸಿ, ಮಸುಕನ್ನು ಆದಷ್ಟು ತಿದ್ದಿ, ರೆಪ್ಪೆಯ ತಂಟೆಗೆ ಹೋಗದೆ ಕೆಲಸ ಮಾಡಿದೆ. ಮುಚ್ಚಿದ ಕಣ್ಣಿನ ಫೋಟೋ ಇಟ್ಟರೆ ಜನ ಏನಾದರೂ ಅಂದಾರು ಎಂದು ಹೇಳಿ ನೋಡಿದೆ. "ಅನ್ಲಿ ಬಿಡಿ. ಅವ್ಳು ಇದ್ದಿದ್ದೇ ಹಾಗೆ" ಎಂದರು. ಸ್ವಲ್ಪ ಹೊತ್ತಿಗೆ ಅವರಾಗಿಯೇ ಮಾತು ತೆಗೆದರು. "ಮದ್ವೆ ಆದ ಹೊಸ್ತ್ರಲ್ಲಿ ಒಂದ್ಸಲ ನನ್ ಮುಖ ಎಲ್ಲಾ ಮುಟ್ಟಿ ನೋಡಿದ್ಲು. ಮೂಗು ಉದ್ದ ಆಯ್ತು ಅಂದ್ಲು. ಆಮೇಲೆ ಮುಟ್ಲಿಲ್ಲ, ಒಂದ್ಸಲ ನೋಡಿ ಆಗಿದ್ಯಲ್ಲ ಅಂತಿದ್ಲು. ನಂಗೆ ತಲೆ ಬೆಳ್ಳಗಾಗಿದ್ದು, ಹಲ್ಲು ಬಿದ್ದಿದ್ದು ಎಂತದೂ ಅವ್ಳಿಗೆ ಗೊತ್ತಿಲ್ಲ. ನಾನೂ ಹೇಳ್ಲಿಲ್ಲ." ನಾನು ಸ್ಕ್ರೀನಿನಿಂದ ಮುಖ ತಿರುಗಿಸಲಿಲ್ಲ, ತಿರುಗಿಸಿದರೆ ಅತ್ತುಬಿಡುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಪ್ರಿಂಟು ಬಂತು. ಫ್ರೇಮು ಹಾಕಿ, ಪೇಪರು ಸುತ್ತಿ ಕೊಟ್ಟೆ. ಕಂಕುಳಲ್ಲಿಟ್ಟುಕೊಂಡು ಬಾಗಿಲವರೆಗೆ ಹೋದವರು ಅಲ್ಲೇ ನಿಂತರು.

"ಮೊದ್ಲು ಮಾಡಿದ್ದು ಅಳ್ಸಿಬಿಟ್ರಾ?"

"ಇಲ್ಲ, ಈಗ ಅಳಿಸ್ತೀನಿ."

"ಒಂದ್ನಿಮಿಷ ತೋರಿಸ್ತೀರಾ?"

ಬೇಡ ಅನ್ನಬೇಕು ಅನ್ನಿಸಿತು, ಅನ್ನಲಾಗಲಿಲ್ಲ. ಮರೆ ಮಾಡಿದ್ದ ಚಿತ್ರವನ್ನು ಮತ್ತೆ ಮೇಲೆ ತಂದೆ. ಅವರು ತಕ್ಷಣ ಸ್ಕ್ರೀನಿನ ಕಡೆ ಬರಲಿಲ್ಲ. ಗಿರಾಕಿಗಳಿಗೆಂದು ಗೋಡೆಗೆ ಹಾಕಿದ್ದ ಕನ್ನಡಿಯ ಮುಂದೆ ಹೋದರು. ಅಲ್ಲಿದ್ದ ಬಾಚಣಿಗೆ ತೆಗೆದುಕೊಂಡು, ನೀರು ಕೇಳಿ ಅಂಗೈ ಒದ್ದೆ ಮಾಡಿ, ಬಿಳಿ ಕೂದಲನ್ನು ಒಪ್ಪವಾಗಿ ಬಾಚಿದರು. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಆಮೇಲೆ ಬಂದು ಕಂಪ್ಯೂಟರಿನ ಎದುರು, ಫೋಟೋಕ್ಕೆ ನಿಲ್ಲುವವರ ಹಾಗೆ ಕೈ ಇಳಿಬಿಟ್ಟು, ನೆಟ್ಟಗೆ ನಿಂತರು. ನಾನು ಪಕ್ಕಕ್ಕೆ ಸರಿದೆ.

ಎಷ್ಟೋ ಹೊತ್ತಿನ ಮೇಲೆ, "ಸಾಕು" ಎಂದರು.

ಮುಚ್ಚಲು ಹೋದಾಗ ಸಾಫ್ಟ್‌ವೇರು ಒಂದು ಸಣ್ಣ ಕಿಟಕಿ ತೆರೆಯಿತು. ಅದು ಎಂತ ಕೇಳುತ್ತಿದೆ ಎಂದರು. ಇದನ್ನು ಉಳಿಸಿಕೊಳ್ಳಬೇಕಾ ಬೇಡವಾ ಎಂದು ಕೇಳುತ್ತಿದೆ ಎಂದೆ.

"ಬ್ಯಾಡ" ಎಂದರು. "ನೋಡಿದ್ಲಲ್ಲ."