ಚೆಂಡಮ್ಮನ ನಲವತ್ತಮೂರು ಸೆಕೆಂಡು

ನಮ್ಮ ಸೊಸೆಗೆ ಚೆಂಡಮ್ಮ ಅಂತ ಹೆಸರಿಟ್ಟವನು ನನ್ನ ಮಗನೇ. ಹಾಗಂತ ಅವಳೇನೂ ಚೆಂಡಾಟ ಆಡುವವಳಲ್ಲ. ಬಣ್ಣದ ಕಾರ್ಖಾನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ಅದರೊಳಗೆ ಸಾವಿರಾರು ಪುಟಾಣಿ ಚೆಂಡುಗಳನ್ನು ದ್ರವದಲ್ಲಿ ತೇಲಿಬಿಟ್ಟು, ಅವು ಒಂದರ ಪಕ್ಕ ಒಂದು ಹೇಗೆ ಓಡಾಡುತ್ತವೆ ಅಂತ ಲೆಕ್ಕ ಹಾಕಿಸುವುದು ಅವಳ ಕೆಲಸ. ಗೋಡೆಗೆ ಬಳಿಯುವ ಬಣ್ಣ ಅಂದರೆ ಅಷ್ಟೇ ಅಂತೆ, ಒಂದಿಷ್ಟು ದ್ರವ, ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ. ಹೊಸ ಬಣ್ಣ ಗಟ್ಟಿಯಾಗುತ್ತದೋ ತೆಳ್ಳಗಾಗುತ್ತದೋ ಅಂತ ಡ್ರಮ್ಮುಗಟ್ಟಲೆ ಕಲಸಿ ಚೆಲ್ಲುವ ಬದಲು, ಕಂಪ್ಯೂಟರಿನಲ್ಲೇ ಕಲಸಿ ನೋಡಿಬಿಡಬಹುದು.

"ಮೈಗೆ ಒಂದು ಹನಿ ಬಣ್ಣ ಹತ್ತಲ್ಲ, ಬರೀ ತಲೆ ಕೆಡುತ್ತೆ" ಅನ್ನುತ್ತಾನೆ ಮಗ. ಅವನು ಬಸ್ಸು ಓಡಿಸುವವನು. ಒತ್ತರಿಸಿಕೊಂಡು ನಿಂತ ಜನರನ್ನು ದಿನಾ ನೋಡುವವನಿಗೆ ಇದರಲ್ಲಿ ಲೆಕ್ಕ ಹಾಕುವಂಥದ್ದೇನಿದೆ ಅನ್ನಿಸುತ್ತದೆ.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಅವಳು ಕೆಲಸದ ಮಾತು ತೆಗೆದರೆ ಕೊನೇವರೆಗೂ ಕೂತು ಕೇಳುವವಳು ಈ ಮನೆಯಲ್ಲಿ ನಾನೊಬ್ಬಳೇ. ಬಟಾಣಿ ಬಿಡಿಸಿಕೊಂಡು ಕೇಳುತ್ತಿರುತ್ತೇನೆ. ಅರ್ಧ ಕಿಲೋ ಮುಗಿಯುವ ಹೊತ್ತಿಗೆ ನನಗೂ ಸ್ವಲ್ಪ ತಿಳಿದಿರುತ್ತದೆ.

ಅವಳ ಅಪ್ಪ ಸೈಕಲ್ ರಿಪೇರಿ ಮಾಡುತ್ತಿದ್ದವರು. ಬೇರೆ ಮಕ್ಕಳು ಗೊಂಬೆ ಹಿಡಿದುಕೊಂಡು ಓಡಾಡುವ ವಯಸ್ಸಿನಲ್ಲಿ ಇವಳು ಚಕ್ರದೊಳಗಿನ ಉಕ್ಕಿನ ಗುಂಡುಗಳನ್ನು ಗ್ರೀಸಿನ ಡಬ್ಬಿಯಲ್ಲಿ ಅದ್ದಿ ತೆಗೆದು ಅದ್ದಿ ತೆಗೆದು ಆಡಿದವಳು. ಮದುವೆಯಾಗಿ ಬಂದ ಮೊದಲನೇ ವಾರವೇ ನಮ್ಮ ಮನೆಯ ಕಿರುಗುಟ್ಟುವ ಬಾಗಿಲುಗಳ ಕೀಲುಗಳಿಗೆಲ್ಲ ಎಣ್ಣೆ ಬಿಟ್ಟಳು. ಯಾರು ಒಳಗೆ ಬಂದರು, ಯಾರು ಹೊರಗೆ ಹೋದರು ಅಂತ ನನಗೆ ಗೊತ್ತಾಗುವುದು ಅವತ್ತಿಗೇ ನಿಂತಿತು. ಆ ಬಗ್ಗೆ ನನಗೆ ಈಗಲೂ ಸ್ವಲ್ಪ ಸಿಟ್ಟಿದೆ. ಹತ್ತು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು, ಆಮೇಲೆ ಪುನಃ ತಾನೇ ಓದಲು ಕೂತು, ನಲವತ್ತು ದಾಟಿದ ಮೇಲೆ ಈ ಕಾರ್ಖಾನೆ ಸೇರಿದಳು.

ಅಲ್ಲಿನ ಮ್ಯಾನೇಜರಿಗೆ ಕಂಪ್ಯೂಟರ್ ಅಂದರೆ ಅಷ್ಟಕ್ಕಷ್ಟೇ. ಅವರು ನಂಬುವುದು ಅಳತೆಯ ಒಂದು ಕಪ್ಪನ್ನು. ಲೋಹದ ಕಪ್ಪು, ತಳದಲ್ಲಿ ಒಂದು ತೂತು. ತೂತಿಗೆ ಬೆರಳು ಹಿಡಿದು ಬಣ್ಣ ತುಂಬುವುದು, ಬೆರಳು ತೆಗೆಯುವುದು, ಕಪ್ಪು ಖಾಲಿಯಾಗಲು ಎಷ್ಟು ಸೆಕೆಂಡು ಹಿಡಿಯಿತು ಅಂತ ನೋಡುವುದು. ಗಟ್ಟಿ ಬಣ್ಣ ನಿಧಾನ, ತೆಳು ಬಣ್ಣ ಬೇಗ. ಊಟಕ್ಕೆ ಹೋಗುವಾಗಲೂ ಆ ಕಪ್ಪು ಅವರ ಜೊತೆಗೇ ಹೋಗುತ್ತದಂತೆ. ಎಲ್ಲರೂ ಕಪ್ ಸಾಹೇಬರು ಅಂತಲೇ ಕರೆಯುವುದು.

ಹೊಸ ಬಣ್ಣ ಕಪ್ಪಿನಲ್ಲಿ ನಲವತ್ತಮೂರು ಸೆಕೆಂಡು ತೆಗೆದುಕೊಂಡಿತು. ಸೊಸೆಯ ಕಂಪ್ಯೂಟರ್ ಹೇಳಿದ್ದು ಹತ್ತೊಂಬತ್ತು.

"ಮೇಡಂ, ಇದು ಬಣ್ಣನಾ, ಪಾತ್ರೆ ತೊಳೆದ ನೀರಾ?" ಅಂದರಂತೆ ಸಾಹೇಬರು. "ಬರೋ ಶುಕ್ರವಾರ ನನ್ನ ಕಪ್ಪು, ನಿಮ್ಮ ಕಂಪ್ಯೂಟರ್ ಎರಡೂ ಒಂದೇ ಮಾತು ಆಡಬೇಕು. ಆಡಲಿಲ್ಲ ಅಂದ್ರೆ ನಿಮ್ಮ ಕೋಣೆಗೆ ಬೀಗ. ಲೇಬಲ್ ವಿಭಾಗದಲ್ಲಿ ಒಂದು ಕುರ್ಚಿ ಖಾಲಿ ಇದೆ."

ಮನೆಗೆ ಬಂದು ಚೀಲವನ್ನೂ ಕೆಳಗಿಡದೆ ಹೇಳಿದಳು. "ಡಬ್ಬಿ ಮೇಲಿನ ಚೀಟಿ ತಲೆಕೆಳಗಾಗಿದೆಯಾ ಅಂತ ನೋಡೋ ಕೆಲಸ ಅತ್ತೆ. ದಿನಕ್ಕೆ ಎಂಟು ಗಂಟೆ. ಆ ಕುರ್ಚಿಲಿ ಕೂತ್ರೆ ನಾನೇ ತಲೆಕೆಳಗಾಗ್ತೀನಿ." ನಗುತ್ತಲೇ ಹೇಳಿದಳು, ಆದರೆ ಕಣ್ಣು ನಗುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ನನ್ನ ಹೊಟ್ಟೆಗೊಂದು ದಿಂಬು, ಮಗನ ಹೊಟ್ಟೆಗೊಂದು ದಿಂಬು ಕಟ್ಟಿದಳು. ನಾವಿಬ್ಬರೂ ಚೆಂಡುಗಳಂತೆ, ನಡುಮನೆಯೇ ದ್ರವವಂತೆ.

"ಈಗ ಎದುರುಬದುರು ನಡೀರಿ. ಹತ್ತಿರ ಆಗ್ತಾ ಆಗ್ತಾ ನಿಮ್ಮಿಬ್ಬರ ನಡುವಿನ ದ್ರವ ಪಕ್ಕಕ್ಕೆ ಓಡಿಹೋಗಬೇಕು. ಸಂದಿ ಕಿರಿದಾದಷ್ಟೂ ಅದಕ್ಕೆ ಹೋಗೋಕೆ ಕಷ್ಟ. ಅದಕ್ಕೇ ತಡೆಯುತ್ತೆ. ನಿಧಾನ ಮಾಡಿ!"

ನಿಧಾನ ಮಾಡಿದೆವು. ದಿಂಬಿಗೆ ದಿಂಬು ಇನ್ನೇನು ತಗುಲಬೇಕು.

"ಈಗ ಹಿಂದಕ್ಕೆ. ಆಗಲೂ ತಡೆಯುತ್ತೆ. ಸಂದಿಗೆ ದ್ರವ ಹೊರಗಿನಿಂದ ನುಗ್ಗಿ ಬರಬೇಕಲ್ಲ? ಹಾಗೇ ಸುಮ್ಮನೆ ನಿಂತುಬಿಟ್ರೆ ಮಾತ್ರ ಏನೂ ಇಲ್ಲ."

"ಹತ್ತಿರ ಬಂದ್ರೂ ತಡೆಯುತ್ತೆ, ದೂರ ಹೋದ್ರೂ ತಡೆಯುತ್ತೆ" ಅಂದ ಮಗ. "ಥೇಟ್ ನಮ್ಮಮ್ಮ."

"ನೀನು ಯಾವತ್ತು ಸುಮ್ಮನೆ ನಿಂತಿದೀಯ, ನಾನು ಸುಮ್ಮನಿರೋಕೆ?" ಅಂದೆ ನಾನು.

ಅಷ್ಟರಲ್ಲಿ ಪೋಸ್ಟಿನವಳು ಒಳಗೇ ಬಂದು ನಿಂತಿದ್ದಳು. ಬಾಗಿಲು ಸದ್ದು ಮಾಡಿದ್ದರೆ ತಾನೇ ಗೊತ್ತಾಗುವುದು! ಎಪ್ಪತ್ತರ ಮುದುಕಿ, ಆಳೆತ್ತರದ ಮಗ, ಇಬ್ಬರೂ ಹೊಟ್ಟೆಗೆ ದಿಂಬು ಕಟ್ಟಿಕೊಂಡು ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದೇವೆ. ಅವಳು ಕಾಗದವನ್ನು ನೆಲದ ಮೇಲೆ ಇಟ್ಟು, ತಾನೂ ಹಿಂದಕ್ಕೆ ಹಿಂದಕ್ಕೇ ನಡೆದು ಹೋದಳು.

ಸೊಸೆಯ ತೊಂದರೆ ಇದು. ಕಂಪ್ಯೂಟರ್ ದ್ರವವನ್ನು ಸಣ್ಣ ಸಣ್ಣ ಚೌಕ ಮಾಡಿ ನೋಡುತ್ತದೆ. ಎರಡು ಚೆಂಡುಗಳ ನಡುವಿನ ಸಂದಿ ಒಂದು ಚೌಕಕ್ಕಿಂತ ಕಿರಿದಾಯಿತೋ, ಅಲ್ಲಿರುವ ದ್ರವ ಅದರ ಕಣ್ಣಿಗೆ ಬೀಳುವುದಿಲ್ಲ. ತಡೆಯುವವರಿಲ್ಲದೆ ಚೆಂಡುಗಳು ಸಲೀಸಾಗಿ ಜಾರಿಹೋಗುತ್ತವೆ. ಬಣ್ಣ ನೀರಾಗುತ್ತದೆ. ಆ ಕಾಣದ ತಡೆಯನ್ನು ಇವಳೇ ಸೂತ್ರ ಬರೆದು ಸೇರಿಸಬೇಕು.

ಸೋಮವಾರ, ಮಂಗಳವಾರ ಕೂತು ಸೇರಿಸಿದಳು. ಬುಧವಾರ ಕಂಪ್ಯೂಟರ್ ಹೇಳಿತು: ಇನ್ನೂರ ಆರು ಸೆಕೆಂಡು.

"ಮೊನ್ನೆ ನೀರು, ಇವತ್ತು ಸಿಮೆಂಟು" ಅಂದರಂತೆ ಕಪ್ ಸಾಹೇಬರು. "ಲೇಬಲ್ ವಿಭಾಗದವರಿಗೆ ಕುರ್ಚಿ ಒರೆಸಿಡೋಕೆ ಹೇಳಿದೀನಿ."

ಗುರುವಾರ ರಜೆ ಹಾಕಿ ಅಡುಗೆಮನೆಯಲ್ಲಿ ಕಾಗದ ಹರಡಿಕೊಂಡು ಕೂತಳು. ಗಂಡನ ಮೇಲೆ ಎರಡು ಸಲ ರೇಗಿದಳು, ಅವನು ಎದುರಿಗೆ ಇರಲೇ ಇಲ್ಲ. ನನಗೆ ನೋಡಲಾಗಲಿಲ್ಲ.

"ಮೊದಲಿಂದ ಓದು. ನಾನು ಕೇಳ್ತೀನಿ" ಅಂದೆ.

"ನಿಮಗೇನು ಅರ್ಥ ಆಗುತ್ತೆ ಅತ್ತೆ?"

"ಅರ್ಥ ಆಗದಿದ್ರೆ ಬಟಾಣಿಯಾದ್ರೂ ಬಿಡಿಸಿ ಮುಗಿಯುತ್ತೆ. ಓದು."

ಓದಿದಳು. ಎರಡು ಚೆಂಡು ಹತ್ತಿರ ಬಂದವು. ದ್ರವ ಅವನ್ನು ತಡೆಯಿತು. ಲೆಕ್ಕಕ್ಕೆ ಅಂತ ನಾನು ಒಂದು ಕಾಳು ಪಕ್ಕಕ್ಕಿಟ್ಟೆ. ಚೆಂಡು ಇನ್ನೂ ಹತ್ತಿರ ಬಂತು, ಏನೇನೋ ಭಾಗಿಸಿದಳು, ಸೂತ್ರ ಹಾಕಿ ಚೆಂಡನ್ನು ತಡೆದಳು. ಇನ್ನೊಂದು ಕಾಳು ಇಟ್ಟೆ.

"ಈ ತಡೆಯೋದು ಆಗಲೇ ಒಂದ್ಸಲ ಆಯ್ತಲ್ಲಮ್ಮ" ಅಂದೆ.

"ಇಲ್ಲ ಅತ್ತೆ. ಮೊದಲನೇದು ದ್ರವ ತಡೆದಿದ್ದು. ಇದು ನಾನು ತಡೆಯೋದು."

"ಸಂದಿಯ ದ್ರವ ಕಂಪ್ಯೂಟರಿಗೆ ಕಾಣಲ್ಲ ಅಂದ್ಯಲ್ಲ?"

"ಪೂರ್ತಿ ಕಾಣಲ್ಲ ಅಂತಲ್ಲ. ಚೌಕದಷ್ಟು ಸಂದಿ ಇರೋವರೆಗೆ ಕಾಣುತ್ತೆ, ಅಷ್ಟನ್ನು ದ್ರವವೇ ತಡೆಯುತ್ತೆ."

"ನೀನು ತಡೆಯೋದು ಉಳಿದಷ್ಟನ್ನ ತಾನೇ?"

"ಇಲ್ಲ, ಪೂರ್ತಿ..." ಅಂದವಳ ಬಾಯಿ ಹಾಗೇ ತೆರೆದುಕೊಂಡಿತು. "ಅಯ್ಯೋ ನನ್ನ ಬುದ್ಧಿಗಿಷ್ಟು! ಕಳೆದೇ ಇಲ್ಲ! ದ್ರವದ ಪಾಲನ್ನ ಕಳೆದೇ ಇಲ್ಲ ಅತ್ತೆ! ದೂರ ಇರೋ ಚೆಂಡನ್ನೂ ತಡೆದಿದೀನಿ, ಹತ್ತಿರ ಇರೋದನ್ನ ಎರಡೆರಡು ಸಲ ತಡೆದಿದೀನಿ!"

ಶಾಲೆಯಲ್ಲಿ ಹತ್ತು ವರ್ಷ ಕಳೆಯುವ ಲೆಕ್ಕ ಹೇಳಿಕೊಟ್ಟವಳು! ಎದ್ದವಳೇ ರಜೆ ಹಾಕಿದ್ದನ್ನೂ ಮರೆತು ಕಾರ್ಖಾನೆಗೆ ಓಡಿದಳು, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ನನ್ನದು. ಕನ್ನಡಕವೂ ನನ್ನದೇ. ಸಂಜೆವರೆಗೆ ನಾನು ಬಟಾಣಿ ಯಾವುದು, ಹುಳ ಯಾವುದು ಅಂತ ಕೈಯಲ್ಲೇ ತಡವಿ ನೋಡಬೇಕಾಯಿತು.

ಶುಕ್ರವಾರ ಕಂಪ್ಯೂಟರ್ ಹೇಳಿದ್ದು ನಲವತ್ತೊಂದು ಸೆಕೆಂಡು.

ಕಪ್ ಸಾಹೇಬರು ಸುಮ್ಮನೆ ಒಪ್ಪುವವರೇ? ಇಡೀ ವಿಭಾಗವನ್ನು ಸುತ್ತ ನಿಲ್ಲಿಸಿಕೊಂಡು ಕಪ್ಪಿಗೆ ಬಣ್ಣ ತುಂಬಿ ಗಡಿಯಾರ ಒತ್ತಿದರು. ಹತ್ತು ಸೆಕೆಂಡು ಆಯಿತು. ಇಪ್ಪತ್ತಾಯಿತು. ಒಂದು ಹನಿಯೂ ಬೀಳಲಿಲ್ಲ. ಸಾಹೇಬರ ಹಣೆಯಲ್ಲಿ ಬೆವರು.

"ಸಾರ್, ಬೆರಳು" ಅಂದಳಂತೆ ನಮ್ಮ ಸೊಸೆ, ಆದಷ್ಟು ಮೆಲ್ಲಗೆ.

ತೂತಿನಿಂದ ಬೆರಳು ತೆಗೆಯುವುದನ್ನೇ ಮರೆತಿದ್ದರು. ಯಾರೂ ನಗಲಿಲ್ಲವಂತೆ, ಒಬ್ಬರಿಗೆ ಮಾತ್ರ ವಿಪರೀತ ಕೆಮ್ಮು ಬಂತಂತೆ. ಎರಡನೇ ಸಲ ಬೆರಳು ತೆಗೆದರು. ನಲವತ್ತಮೂರು.

ಸಾಹೇಬರು ನೀಲಿ ಬಣ್ಣ ಹತ್ತಿದ ಬೆರಳಿನಲ್ಲೇ ಗಲ್ಲ ಕೆರೆದುಕೊಂಡರು. "ನನ್ನದು ನಲವತ್ತಮೂರು, ನಿಮ್ಮದು ನಲವತ್ತೊಂದು. ಇನ್ನೆರಡು ಸೆಕೆಂಡು ಎಲ್ಲಿ?"

"ಕಂಪ್ಯೂಟರಿನಲ್ಲಿ ನನ್ನ ಚೆಂಡುಗಳು ಪೂರ್ತಿ ಗುಂಡಗಿವೆ ಸಾರ್. ನಿಮ್ಮ ಪುಡಿ ಅಲ್ಲಲ್ಲಿ ಚಪ್ಪಟೆ. ಆ ಎರಡು ಸೆಕೆಂಡು ಆ ಚಪ್ಪಟೆಯದ್ದೇ ಇರಬೇಕು."

ಸಾಹೇಬರು ಕಪ್ಪನ್ನು ಒರೆಸಿದರಂತೆ. ಆಮೇಲೆ, "ಲೇಬಲ್ ಕುರ್ಚಿಗೆ ಬೇರೆ ಯಾರನ್ನಾದ್ರೂ ನೋಡ್ತೀನಿ. ನೀವು ಆ ಎರಡು ಸೆಕೆಂಡು ಹುಡುಕಿ ಕೊಡಿ" ಅಂದರು.

ಸಂಜೆ ಇದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಅವಳ ಮುಖ ನೋಡಬೇಕಿತ್ತು.

"ಎರಡು ಸೆಕೆಂಡು ತಾನೇ" ಅಂದ ಮಗ. "ಹುಡುಕೋಕೆ ಎಷ್ಟು ಹೊತ್ತು ಬೇಕು?"

"ಎರಡು ವರ್ಷ!" ಅಂದಳು ಚೆಂಡಮ್ಮ, ಬೇಡ ಬೇಡ ಅಂದರೂ ಯಾರೋ ತನ್ನ ಕೈಗೆ ಉಡುಗೊರೆ ತುರುಕಿದ ಹಾಗೆ ನಗುತ್ತಾ.